ಅರಬರ ಸಂದಿಯಲ್ಲಿ ಕಬ್ಬಿಣ

ಲಕ್ಷ್ಮೇಶ್ವರದ ಬಜಾರದಲ್ಲಿ ನಮ್ಮ ಮನೆಗೂ ಪಕ್ಕದ ಬಸವಣ್ಣೆವ್ವನ ಮನೆಗೂ ನಡುವೆ ಒಂದು ಸಂದಿ ಇದೆ. ಎತ್ತಿನ ಬಂಡಿ ಆರಾಮಾಗಿ ಹೋಗುವಷ್ಟು ಅಗಲ. ಎರಡೂ ಮನೆಯವರಿಗೆ ಅದರ ಮೇಲೆ ಸಮನಾದ ಹಕ್ಕಿದೆ. ಊರವರು ಅದನ್ನು ಅರಬರ ಸಂದಿ ಅನ್ನುತ್ತಾರೆ. ಅದರೊಳಗೆ ಕಬ್ಬಿಣ ಹೋಗಬಾರದು.

ಹೌದು, ಕಬ್ಬಿಣ. ಕುಡುಗೋಲು, ಕತ್ತರಿ, ಕೀಲಿ ಕೈ, ಸೈಕಲ್ಲು, ಕೊನೆಗೆ ಸೀರೆಗೆ ಚುಚ್ಚಿಕೊಂಡ ಪಿನ್ನು ಕೂಡ. ಸಂದಿಯ ಬಾಯಿಗೆ, ಎರಡೂ ಮನೆಯ ಗೋಡೆಗಳಲ್ಲಿ ಸಾಗವಾನಿ ಗೂಟಗಳಿವೆ. ಕೈಯಲ್ಲಿರುವ ಕಬ್ಬಿಣವನ್ನು ಅಲ್ಲಿ ತೂಗುಹಾಕಿ ಒಳಗೆ ಹೋಗಬೇಕು, ವಾಪಸು ಬರುವಾಗ ತೆಗೆದುಕೊಳ್ಳಬೇಕು. ಒಬ್ಬರು ತಪ್ಪಿದರೆ ಇನ್ನೊಂದು ಮನೆಯವರು ಜಗಲಿಯಿಂದ ಬೊಬ್ಬೆ ಹಾಕುತ್ತಾರೆ. ಮೊಬೈಲ್ ಬಂದಾಗ ಎರಡೂ ಮನೆಯವರು ಬೇರೆಬೇರೆ ಕೂತು ಯೋಚಿಸಿ, ಅದು ಪ್ಲಾಸ್ಟಿಕ್ಕು, ನಡೆಯುತ್ತದೆ ಎಂದು ತೀರ್ಮಾನಿಸಿದರು. ನನಗೆ ತಿಳಿದಂತೆ ಆ ಎರಡು ಮನೆಗಳು ಒಪ್ಪಿದ ಮಾತು ಅದೊಂದೇ.

ನಾನು ಮಲ್ಲಸಮುದ್ರದವಳು, ಹೆಸರು ಸುಶ್ಮಿತಾ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ಕೇಳಿ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ನಾನು ಖಡಕ್ ರೊಟ್ಟಿ ಕೇಂದ್ರ ನಡೆಸುತ್ತೇನೆ. ಓಣಿಯ ಹೆಣ್ಣುಮಕ್ಕಳು ಬಂದು ರೊಟ್ಟಿ ಬಡಿಯುತ್ತಾರೆ, ಅವರ ಮನೆಗಳು ಅದರ ಮೇಲೆ ನಡೆಯುತ್ತವೆ. ಗದಗ-ಬೆಟಗೇರಿಯ ಒಂದು ದೊಡ್ಡ ಖಾನಾವಳಿಯವರು ದಿನಾಲೂ ರೊಟ್ಟಿ ಬೇಕು ಎಂದರು. ಬೆಳಿಗ್ಗೆ ಅವರದೇ ಟೆಂಪೋ ಶೆಡ್ಡಿನ ಬಾಗಿಲಿಗೇ ಬಂದು ತುಂಬಿಕೊಂಡು ಹೋಗುತ್ತದೆ ಎಂದರು. ಮುಂದಿನ ರಸ್ತೆಯಲ್ಲಿ ತಳ್ಳುಗಾಡಿಗಳ ಗದ್ದಲ, ಅಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ. ಶೆಡ್ಡಿಗೆ ಬರಲು ದಾರಿ ಇರುವುದು ಸಂದಿಯೊಂದೇ. ಟೆಂಪೋ ಕಬ್ಬಿಣದ್ದು.

"ಟೆಂಪೋ ಬ್ಯಾಡ, ಬುಟ್ಟಿ ತಲಿಮ್ಯಾಲೆ ಹೊತ್ತು ಒಯ್ರಿ," ಎಂದರು ನನ್ನ ಮಾವ ವಿರೂಪಾಕ್ಷಪ್ಪನವರು, ಅಡಕೆ ಕತ್ತರಿಸುತ್ತ.

ಹೊತ್ತೆವು. ಬಸ್‌ಸ್ಟ್ಯಾಂಡಿನ ತನಕ ಹೊತ್ತೆವು. ನಮ್ಮಲ್ಲಿ ರೊಟ್ಟಿ ಬಡಿಯುವ ದೇವವ್ವ ಬಜಾರದಲ್ಲಿ ಎಡವಿ ಬಿದ್ದಳು, ಎರಡು ಬುಟ್ಟಿ ರೊಟ್ಟಿ ಚೂರುಚೂರಾಯಿತು. ಖಾನಾವಳಿಯವನು ಫೋನಿನಲ್ಲಿ, "ಅಕ್ಕಾರ, ನನಗ ರೊಟ್ಟಿ ಬೇಕ್ರಿ, ರೊಟ್ಟಿ ಚೂರಲ್ಲ. ಈ ತಿಂಗಳು ನೋಡ್ತೀನಿ, ಆಮ್ಯಾಲೆ ಆರ್ಡರ್ ಬ್ಯಾರೆಯವರಿಗೆ ಕೊಡ್ತೀನಿ," ಎಂದ.

ಸಂದಿಯ ಕಥೆ ಊರಿಗೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ ಸೇರಿದ ಊರಾಗಿತ್ತು, ಸಂಸ್ಥಾನದ ತಲೆಯ ಮೇಲೆ ಒಬ್ಬ ಬಿಳಿ ಸಾಹೇಬ ಕೂತಿದ್ದ. ಆಗಿನ ಸಾಹುಕಾರರು ತಿಜೋರಿ ಕಾಯಲು ಅರಬರನ್ನು ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಮನೆಯ ಕಾವಲಿಗೆ ಸಾಲೇ ಜಮಾದಾರ ಎಂಬುವನಿದ್ದ, ಯಾಫಿ ಬುಡಕಟ್ಟಿನವನು. ಪಕ್ಕದ ಮನೆಗೆ ಉಮರ ಜಮಾದಾರ ಮತ್ತು ಅವನ ತಮ್ಮ, ಕಸೀರಿ ಬುಡಕಟ್ಟಿನವರು. ಸಮುದ್ರದ ಆಚೆ ಅವರ ದೇಶದಲ್ಲಿ ಯಾಫಿಗಳಿಗೂ ಕಸೀರಿಗಳಿಗೂ ಒಂದು ಬಂದರಿನ ಸಲುವಾಗಿ ಯುದ್ಧ ನಡೆದಿತ್ತು. ಅಲ್ಲಿ ಯಾಫಿಗಳು ಗೆದ್ದ ಖಬರು ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿಂದ ನಮ್ಮ ಬಜಾರಕ್ಕೆ ಬಂದಿತು. ಸಾಲೇ ಊರಿಗೆಲ್ಲ ಸಕ್ಕರೆ ಹಂಚಿದ. ಉಮರನ ತಮ್ಮ ಸಂದಿಯಲ್ಲಿ ಕಠಾರಿ ಹಿರಿದ. ಸತ್ತವನು ಅವನೇ.

ಸಾಹೇಬ ಕುದುರೆಯ ಮೇಲೆ ಬಂದ. ಸಾಕ್ಷಿ ಹೇಳುವವರು ಯಾರೂ ಸಿಗಲಿಲ್ಲ. ಅವನು ಅರಬರನ್ನು ಬಿಟ್ಟು ಸಾಹುಕಾರರನ್ನೇ ಹಿಡಿದ. ನಿಮ್ಮ ಅನ್ನ ತಿನ್ನುವವರು ಇವರು, ಇವರಿಗೆ ನೀವೇ ಜಾಮೀನು. ಇನ್ನೊಮ್ಮೆ ಸಂದಿಯಲ್ಲಿ ಅಲಗು ಕಂಡರೆ ನಿಮ್ಮ ಮನೆಗಳು ಜಪ್ತಿ, ಕಂಡವರು ಬಂದು ಹೇಳಬೇಕು ಎಂದ. ಅಂದಿನಿಂದ ಆ ಮನೆಯವರು ಈ ಮನೆಯವರನ್ನು, ಈ ಮನೆಯವರು ಆ ಮನೆಯವರನ್ನು ಕಾಯುತ್ತ ಕೂತರು. ಅಲಗು ಯಾವಾಗ ಕಬ್ಬಿಣವಾಯಿತೋ ಯಾರಿಗೂ ಗೊತ್ತಿಲ್ಲ. ಸಾಹೇಬ ಹೋದ, ಅರಬರು ಹೋದರು, ಸಂಸ್ಥಾನ ಹೋಯಿತು. ನಮ್ಮ ಮಾವ ಮಾತ್ರ ಇನ್ನೂ ಜಗಲಿಯ ಮೇಲೆ ಕೂತು ಬಸವಣ್ಣೆವ್ವನ ಮನೆಯ ಸೊಸೆಯಂದಿರ ಪಿನ್ನು ನೋಡುತ್ತಾರೆ. ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಬಂದು, "ನಾವು ಯಾಫಿ ಮಂದಿ, ಕೊಟ್ಟ ಮಾತಿಗೆ ತಪ್ಪೂದಿಲ್ಲ," ಅನ್ನುತ್ತಾರೆ. ಬಸವಣ್ಣೆವ್ವನೇನು ಕಡಿಮೆಯೇ? ಹಲ್ಲಿಲ್ಲದ ಬಾಯಲ್ಲಿ, "ನಮ್ಮ ಕಸೀರಿ ಹುಡುಗನ್ನ ಕೊಂದವರು," ಎಂದು ಇಂದಿಗೂ ನಮ್ಮ ಕಡೆ ನೋಡಿ ಉಗುಳುತ್ತಾಳೆ. ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ನನ್ನ ಗಂಡ ಕೊಟ್ರೇಶನಿಗೆ ಹೇಳಿದೆ. ಅವನು, "ಹಿರ್‍ಯಾರು ಇರೂತನಕ ಸುಮ್ನಿರು," ಎಂದ. ಅವನ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ.

ಆಗ ನನಗೊಂದು ಯೋಚನೆ ಬಂತು. ಆ ಹೊತ್ತಿನಲ್ಲಿ ಅದು ಬಹಳ ಜಾಣತನದ್ದಾಗಿ ಕಂಡಿತು. ಜಗಳ ಅರಬರದು. ಅರಬರ ಮಕ್ಕಳೇ ಬಂದು ಮುಗಿಯಿತು ಅಂದರೆ ಇವರು ಯಾರು ಬೇಡ ಅನ್ನಲಿಕ್ಕೆ?

ಸಾಲೇ ಜಮಾದಾರನ ಸಂತಾನ ಮುಂಡರಗಿಯಲ್ಲಿ ಇದೆಯೆಂದು ಮಾವನೇ ಹೇಳುತ್ತಿದ್ದರು. ಹುಡುಕಿಕೊಂಡು ಹೋದೆ. ಮರಿಮಗ ಖಾಸಿಂಸಾಬ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕಿಟಕಿಯ ಸರಳು, ಗೇಟು, ಎಲ್ಲ ಕಬ್ಬಿಣ. ನೋಡಿಯೇ ನನಗೆ ಅರ್ಧ ಗೆದ್ದಂತಾಯಿತು. ನಾನು ಕಥೆ ಹೇಳಿದಾಗ ಅವನು ಕಣ್ಣಿನ ಕಪ್ಪು ಕನ್ನಡಕ ಹಣೆಗೇರಿಸಿ ನಕ್ಕ.

"ಯಾಫಿ ಅಂದ್ರ ಏನ್ರೀ ಅವ್ವಾರ? ನಾವು ಅರಬರು ಅಂತಿದ್ದ ನಮ್ಮಪ್ಪ, ಅಷ್ಟ ಗೊತ್ತು. ನನಗ ಅರಬಿ ಒಂದಕ್ಷರ ಬರೂದಿಲ್ಲ."

ಅವನ ಹೆಂಡತಿ ಅಲ್ಮಾಸಬಿ ಚಹಾ ತಂದಳು. ಶಿರಹಟ್ಟಿಯವಳು. ಅವಳ ಅಣ್ಣ ಬುಡ್ಡೇಸಾಬ ಅಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದಾನೆ. ಮಾತಿಗೆ ಮಾತು ಬಂದು, ತಮ್ಮ ಮುತ್ತಜ್ಜ ಲಕ್ಷ್ಮೇಶ್ವರದಲ್ಲಿ ಜಮಾದಾರನಾಗಿದ್ದ, ಹೆಸರು ಉಮರ ಎಂದಳು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಯಾಫಿಯ ಮರಿಮಗ ಕಸೀರಿಯ ಮರಿಮಗಳನ್ನು ಮದುವೆಯಾಗಿ, ಇಬ್ಬರಿಗೂ ಸುದ್ದಿಯೇ ಗೊತ್ತಿಲ್ಲದೆ, ಸುಖವಾಗಿ ಸಂಸಾರ ಮಾಡಿಕೊಂಡಿದ್ದರು. ಆ ಖುಷಿಯಲ್ಲಿ ನಾನು ಅಲ್ಮಾಸಬಿಯ ಎರಡೂ ಕೈ ಹಿಡಿದುಕೊಂಡೆ.

"ನಿಮ್ಮಣ್ಣನ್ನೂ ಕರಕೊಂಡು ಮೂರೂ ಮಂದಿ ಬಂದು ಒಂದು ಮಾತು ಹೇಳ್ರಿ, ಸಾಕು," ಎಂದೆ.

"ಅದಕ್ಕೇನ್ರಿ," ಎಂದಳು ಅಲ್ಮಾಸಬಿ. "ನಿಮ್ಮ ಸಂದ್ಯಾಗ ಗಾಡಿ ಹೋಗೂದು ನಮ್ಮಿಂದ ನಿಂತಿದ್ರ ನಾವ ಬಿಡಸ್ತೀವಿ."

ಭಾನುವಾರ ಬಂದರು. ಬುಡ್ಡೇಸಾಬ ಶಿರಹಟ್ಟಿಯಿಂದ ಒಂದು ಡಬ್ಬಿ ಸಿಹಿ ತಂದಿದ್ದ. ಭಾವ ಮೈದುನರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಸಂದಿಯ ಬಾಯಲ್ಲಿ ನಿಂತರು. ಒಂದು ಜಗಲಿಯ ಮೇಲೆ ಮಾವ, ಇನ್ನೊಂದರ ಮೇಲೆ ಬಸವಣ್ಣೆವ್ವ. ನಾನು ನಡುವೆ ನಿಂತು ಇವರು ಯಾರು, ಯಾಕೆ ಬಂದಿದ್ದಾರೆ ಎಂದು ಎರಡೂ ಕಡೆ ಕೇಳುವಂತೆ ಹೇಳಿದೆ.

ಖಾಸಿಂಸಾಬ ಕೈಮುಗಿದ. "ನಮ್ಮ ಅಜ್ಜಾರು ಯಾಕ ಬಡದಾಡಿದ್ರೋ ನಮಗ ಗೊತ್ತಿಲ್ರಿ. ನಾವು ಬೀಗರಾಗೇವಿ. ಇನ್ನ ಈ ಸಂದ್ಯಾಗ ಗಾಡಿ ಬರಲಿ, ಘೋಡಾ ಬರಲಿ."

ಮಾವನ ಮುಖ ಕೆಂಪಾಯಿತು. "ಗೊತ್ತಿಲ್ಲ ಅಂದ್ರ? ಸಾಲೇ ಜಮಾದಾರನ ವಂಶದಾಂವ ನೀನು, ಗೊತ್ತಿಲ್ಲಂತೀ? ಬಾ ಇಲ್ಲೆ, ಕುಂಡ್ರು."

ಕೈ ಹಿಡಿದು ಜಗಲಿಯ ಮೇಲೆ, ತಮ್ಮ ಪಕ್ಕದಲ್ಲಿ, ತಮ್ಮದೇ ಗಾದಿಯ ಮೇಲೆ ಕೂರಿಸಿದರು. ನನ್ನ ಗಂಡನನ್ನೂ ಅವರು ಆ ಗಾದಿಯ ಮೇಲೆ ಕೂರಿಸಿದ್ದನ್ನು ನಾನು ಕಂಡಿಲ್ಲ. ಸಾಲೇ ಎಷ್ಟು ಎತ್ತರವಿದ್ದ, ತಿಜೋರಿಯ ಕೀಲಿಯನ್ನು ಕೊರಳಲ್ಲಿ ಕಟ್ಟಿಕೊಂಡು ಹೇಗೆ ಮಲಗುತ್ತಿದ್ದ, ದರೋಡೆಕೋರರು ಬಂದಾಗ ಒಬ್ಬನೇ ಬಾಗಿಲಲ್ಲಿ ಹೇಗೆ ನಿಂತ, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅತ್ತರು. ವೆಲ್ಡಿಂಗಿನ ಕಿಡಿ ತಾಗಿ ಕಲೆಬಿದ್ದ ತನ್ನ ಕೈಗಳನ್ನು ಖಾಸಿಂಸಾಬ ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನ ಬೆನ್ನು ನೆಟ್ಟಗಾಯಿತು. ಇಂಥ ಅಜ್ಜನನ್ನು ಅವನಿಗೆ ಯಾರೂ ತೋರಿಸಿರಲಿಲ್ಲ.

ಅತ್ತ ಬಸವಣ್ಣೆವ್ವ ಸುಮ್ಮನಿರುತ್ತಾಳೆಯೇ? "ಬುಡ್ಡೇಸಾಬ, ಬಾರೋ ನಮ್ಮಪ್ಪ. ಉಮರನ ಕಣ್ಣು ಹಿಂಗ ಇದ್ವು ಅಂತಿದ್ಲು ನಮ್ಮತ್ತಿ," ಎಂದು ಅವನನ್ನು ತನ್ನ ಜಗಲಿಗೆ ಕರೆದು ಉಂಡಿ ಕೊಟ್ಟಳು. "ಆ ದೊಡ್ಡಮನಶ್ಯಾ ಹೇಳೂದು ಕೇಳಬ್ಯಾಡ. ನಿಮ್ಮ ಹುಡುಗನ್ನ ಆ ಸಾಲೇ ಹಿಂದಿಂದ ಬಂದು ಹೊಡದ. ಬೆನ್ನಾಗ ಗಾಯ ಇತ್ತು."

"ಎದಿಗೇ ಹೊಡದಾನ!" ಎಂದು ಈ ಜಗಲಿಯಿಂದ ಮಾವ.

"ಬೆನ್ನಿಗೆ!" ಎಂದು ಆ ಜಗಲಿಯಿಂದ ಬಸವಣ್ಣೆವ್ವ.

ನಾನು ಕೂಗಿದೆ. "ಎದಿಗ್ಯರ ಹೊಡೀಲಿ, ಬೆನ್ನಿಗ್ಯರ ಹೊಡೀಲಿ, ಸತ್ತು ಮಣ್ಣಾಗ್ಯಾನ್ರಿ! ಈಗ ಟೆಂಪೋದ ಮಾತು ಹೇಳ್ರಿ!" ಯಾರೂ ನನ್ನ ಕಡೆ ನೋಡಲಿಲ್ಲ.

ಬುಡ್ಡೇಸಾಬ ಉಂಡಿಯನ್ನು ಕೈಯಲ್ಲೇ ಹಿಡಿದು ತಂಗಿಯ ಗಂಡನನ್ನು ಕೇಳಿದ, "ಖರೇನ? ಹಿಂದಿಂದ ಹೊಡದ್ನಾ?"

ಖಾಸಿಂಸಾಬ ಎದ್ದು ನಿಂತ. "ಹಿಂದಿಂದ ಹೊಡಿಯೋ ಮಂದಿ ಅಲ್ಲ ನಾವು."

ಬೆಳಿಗ್ಗೆ ತನಕ ಯಾಫಿ ಅಂದರೆ ಏನು ಎಂದು ಕೇಳುತ್ತಿದ್ದ ಮನುಷ್ಯ! ಒಂದು ಜಗಲಿಯ ಮೇಲೆ ಗಂಡ, ಇನ್ನೊಂದರ ಮೇಲೆ ಅಣ್ಣ. ಸಿಹಿಯ ಡಬ್ಬಿ ಹಿಡಿದುಕೊಂಡು ಅಲ್ಮಾಸಬಿ ಸಂದಿಯ ಬಾಯಲ್ಲಿ ಒಬ್ಬಳೇ ನಿಂತಿದ್ದಳು. "ಏ, ಸಾಕು ಬರ್ರಿ, ಮನಿಗೆ ಹೋಗೂಣು," ಎಂದಳು. ಇಬ್ಬರೂ ಬಂದರು. ಆದರೆ ಹೋಗುವಾಗ ಒಬ್ಬ ಮುಂಡರಗಿಯ ಬಸ್ಸು ಹತ್ತಿದ, ಇನ್ನೊಬ್ಬ ಅವನ ಕಡೆ ತಿರುಗಿಯೂ ನೋಡದೆ ಶಿರಹಟ್ಟಿಯ ಬಸ್ಸು ಹುಡುಕಿಕೊಂಡು ಹೋದ.

ಮನೆಯೊಳಗೆ ಬಂದ ಮಾವ ಬಹಳ ಉಲ್ಲಾಸದಲ್ಲಿದ್ದರು. "ನೋಡಿದೇನು ರಕ್ತ ಹ್ಯಾಂಗ ಎದ್ದು ನಿಂತಿತು!" ಎಂದರು. ನನಗೆ ತಾಟು ಎತ್ತಿ ಒಗೆಯುವಷ್ಟು ಸಿಟ್ಟು ಬಂದಿತ್ತು. ಒಗೆಯಲಿಲ್ಲ, ರೊಟ್ಟಿ ಬಡಿಸಿದೆ.

ಕೆಲವು ದಿನಕ್ಕೆ ಖಾಸಿಂಸಾಬನ ಫೋನು ಬಂತು. ನನ್ನ ಟೆಂಪೋದ ಸುದ್ದಿ ಕೇಳುತ್ತಾನೆ ಅಂದುಕೊಂಡೆ. "ಅವ್ವಾರ, ಅಂಗಡಿಗೆ ಹೊಸಾ ಬೋರ್ಡ್ ಹಾಕ್ಸೀನ್ರಿ, ಯಾಫಿ ವೆಲ್ಡಿಂಗ್ ವರ್ಕ್ಸ್ ಅಂತ. ಸಾಹುಕಾರ್ರನ್ನ ಕರಕೊಂಡು ಬರ್ರಿ," ಎಂದ. ಮಾವ ಹೊಸ ಧೋತರ ಉಟ್ಟು ಹೋಗಿ ಬಂದರು. ಶಿರಹಟ್ಟಿಯ ಬುಡ್ಡೇಸಾಬ ಬೆನ್ನಿನ ಗಾಯಕ್ಕೆ ತಂಗಿಯ ಗಂಡ ಮಾಫಿ ಕೇಳುವ ತನಕ ಅವನ ಹೊಸ್ತಿಲು ತುಳಿಯುವುದಿಲ್ಲ ಅಂದನಂತೆ. ಎದೆಯ ಗಾಯಕ್ಕೆ ಮಾಫಿ ಯಾಕೆ ಅಂದನಂತೆ ಖಾಸಿಂಸಾಬ. ತಿಂಗಳು ಮುಗಿಯಿತು. ಖಾನಾವಳಿಯವನು ರೊಟ್ಟಿಯ ಆರ್ಡರನ್ನು ಬೇರೆಯವರಿಗೆ ಕೊಟ್ಟ. ದೇವವ್ವನನ್ನೂ ಇನ್ನಿಬ್ಬರನ್ನೂ ಕೆಲಸ ಇಲ್ಲವೆಂದು ಮನೆಗೆ ಕಳಿಸಿದೆ.

ಹೋದ ವಾರ ಒಂದು ಬೆಳಿಗ್ಗೆ ಅಲ್ಮಾಸಬಿ ಬಂದಳು. ಕೈಯಲ್ಲಿ ಒಂದು ಚೀಲ. ಕೆಲಸ ಕೇಳಿದಳು. ಕೆಲಸ ಇಲ್ಲ ಅನ್ನಲು ನನ್ನ ಬಾಯಿ ಏಳಲಿಲ್ಲ. ಯಾಕವ್ವಾ ಎಂದೆ.

"ಗಂಡನ ಮನ್ಯಾಗ ನನಗ ಕಸೀರಿ ಅಂತಾರ್‍ರಿ. ಅಣ್ಣನ ಮನಿಗೆ ಹೋದ್ರ ಯಾಫಿ ಹೇಣ್ತಿ ಅಂತಾರ. ನೀವು ಬರೂತನಕಾ ನಾ ಅಲ್ಮಾಸಬಿ ಇದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡಿಗೆ ಹೋಗಲು ಸಂದಿಯ ಬಾಯಿಗೆ ಬಂದೆವು. ಅವಳಿಗೆ ಪದ್ಧತಿ ಗೊತ್ತಿತ್ತು. ಸೊಂಟದಿಂದ ಮುಂಡರಗಿಯ ಮನೆಯ ಕೀಲಿ ಕೈ ತೆಗೆದಳು. "ಇದೂ ಕಬ್ಬಣ ಅಲ್ಲೇನ್ರಿ? ಯಾವ ಗ್ವಾಡಿಗೆ ಹಾಕಲಿ?"

"ನಮ್ಮ ಗ್ವಾಡಿಗೆ ಹಾಕವಾ, ನೀ ಯಾಫಿ ಸೊಸಿ," ಎಂದರು ಮಾವ.

"ಇತ್ತಾಗ ಹಾಕ, ನೀ ನಮ್ಮ ಕಸೀರಿ ಮಗಳು," ಎಂದಳು ಬಸವಣ್ಣೆವ್ವ.

ಅಲ್ಮಾಸಬಿ ಕೀಲಿ ಹಿಡಿದುಕೊಂಡು ನಿಂತುಬಿಟ್ಟಳು. ನಾನು ಅದನ್ನು ಕಸಿದುಕೊಂಡು ಮುಷ್ಟಿಯಲ್ಲಿ ಹಿಡಿದು, ಎಲ್ಲರಿಗೂ ಕಾಣುವಂತೆ ಕೈ ಎತ್ತಿಕೊಂಡು ಸಂದಿಯೊಳಗೆ ನಡೆದೆ. ಹಿಂದಿನಿಂದ ಮಾವನೂ ಬಸವಣ್ಣೆವ್ವನೂ ಒಟ್ಟಿಗೆ ಬೊಬ್ಬೆ ಹಾಕಿದರು. ಎರಡೂ ಮನೆ ಒಂದೇ ದನಿಯಲ್ಲಿ ಮಾತಾಡಿದ್ದನ್ನು ಅವತ್ತೇ ಮೊದಲು ಕೇಳಿದ್ದು. ನನ್ನನ್ನು ಬೈಯಲು.

ಸಂದಿಯೊಳಗೆ ಟೆಂಪೋ ತರಬೇಕೆಂದು ಹೊರಟವಳು ನಾನು. ಬಂದ ಕಬ್ಬಿಣ ಇಷ್ಟೇ. ಶೆಡ್ಡಿನ ಗೋಡೆಗೆ, ರೊಟ್ಟಿ ಬೇಯಿಸುವ ಮಣ್ಣಿನ ಹಂಚುಗಳ ಪಕ್ಕದಲ್ಲಿ, ಒಂದು ಮರದ ಗೂಟಕ್ಕೆ ಅದನ್ನು ಹಾಕಿದ್ದೇನೆ. ಅಲ್ಮಾಸಬಿ ರೊಟ್ಟಿ ಬಡಿಯುತ್ತ ಆಗಾಗ ಅದರ ಕಡೆ ನೋಡುತ್ತಾಳೆ. ಮುಂಡರಗಿಯಿಂದ ಅದನ್ನು ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ.