ಮೂವತ್ತಕ್ಕೆ ಒಂಬತ್ತು

ನಮ್ಮ ಕಾಲೇಜಿನಲ್ಲಿ ಫೇಲಾದವರು ಸಾವಿರಾರು ಮಂದಿ ಇರಬಹುದು. ಆದರೆ ನನ್ನಷ್ಟು ವೈಭವದಿಂದ ಫೇಲಾದವರು ಭೂಮಂಡಲದಲ್ಲೇ ಇಲ್ಲ. ಇಪ್ಪತ್ತಾರು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ನಾನು ಬಾಯಿ ತೆರೆದರೆ ಗೋಡೆಯ ಹಲ್ಲಿಯೂ ನೋಟ್ಸ್ ಬರೆದುಕೊಳ್ಳುತ್ತಿತ್ತು.

ಹೋದ ತಿಂಗಳ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದವರು ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ.

"ಇದನ್ನ ನಾನು ಎಡಗೈಯಲ್ಲಿ ಬರೀತೀನಿ ಮೇಡಂ, ಕಣ್ಣು ಮುಚ್ಕೊಂಡು" ಎಂದೆ.

"ಬಲಗೈಯಲ್ಲೇ ಬರೀರಿ ಸಾರ್. ನಂಗೆ ಓದೋಕಾಗ್ಬೇಕಲ್ಲ."

ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮಡಚಿ ಅಂಟಿಸಿ, ಬರೀ ಸಂಖ್ಯೆ ಹಾಕುವುದು ನಮ್ಮ ಪದ್ಧತಿ. ಪರೀಕ್ಷೆಯ ದಿನ ಕೊಠಡಿಯ ಕಾವಲು ನನ್ನದೇ. ಹಿಂದಿನ ಬೆಂಚಿನಲ್ಲಿ ಕುಳಿತು ನಾನೂ ಬರೆದೆ. ಪೆನ್ನಿನಿಂದ ಹೊಗೆ ಬಂತು. ಹುಡುಗರು ನಕಲು ಮಾಡುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದರು. ಕೊನೆಯ ಪ್ರಶ್ನೆ ಹೀಗಿತ್ತು: ತುಟಿ ಕಿರಿದಾಗಿಸಿ ಅಂಗೈಗೆ ಊದಿದರೆ ತಣ್ಣಗೆ, ಬಾಯಗಲಿಸಿ 'ಹಾ' ಎಂದರೆ ಬೆಚ್ಚಗೆ, ಉಸಿರು ಒಂದೇ, ಕಾರಣವೇನು? ಉಷ್ಣಕ್ಕೂ ತಾಪಕ್ಕೂ ಇರುವ ಎಂಟು ವ್ಯತ್ಯಾಸಗಳ ನನ್ನ ಜಗತ್ಪ್ರಸಿದ್ಧ ಪಟ್ಟಿಯನ್ನು ಗೆರೆ ಎಳೆದು ಬರೆದು, ನನ್ನ ಪತ್ರಿಕೆಯನ್ನೂ ಹುಡುಗರ ಉತ್ತರಪತ್ರಿಕೆಗಳ ಕಟ್ಟಿನೊಳಗೆ ತೂರಿಸಿದೆ. ಮೂವತ್ತಕ್ಕೆ ಮೂವತ್ತು ಬಂದ ಮೇಲೆ ಮೇಡಮ್ಮಿಗೆ ತೋರಿಸುವ ಹುನ್ನಾರ.

ನಾಲ್ಕು ದಿನದ ಮೇಲೆ ಕಟ್ಟು ಸ್ಟಾಫ್ ರೂಮಿನ ಮೇಜಿನ ಮೇಲೆ ಕೂತಿತ್ತು. ನನ್ನ ಸಂಖ್ಯೆ ನಲವತ್ತೊಂದು: ಅಂಕ ಒಂಬತ್ತು. ಕೆಳಗೆ ಕೆಂಪು ಶಾಯಿಯಲ್ಲಿ, "ಟಿಪ್ಪಣಿ ಕಂಠಪಾಠ. ಪ್ರಶ್ನೆ ಓದಿಯೇ ಇಲ್ಲ. ಯಾರು ಕಲಿಸಿದರೋ, ಈ ಮಗುವಿನ ತಪ್ಪಲ್ಲ."

ಸುತ್ತ ಯಾರೂ ಇರಲಿಲ್ಲ. ಪತ್ರಿಕೆ ನನ್ನ ಚೀಲಕ್ಕಿಳಿಯಿತು.

ಮನೆಯಲ್ಲಿ ಅಂಗೈಗೆ ಊದಿಕೊಳ್ಳುತ್ತ ಕೂತಿದ್ದೆ. ಹೆಂಡತಿ ನೋಡಿದಳು.

"ಏನ್ರೀ, ಕೈ ಸುಟ್ಕೊಂಡ್ರಾ?"

"ಹೂಂ, ಹಾಗೇ ಅಂದ್ಕೋ" ಎಂದು ಪತ್ರಿಕೆ ಕೊಟ್ಟೆ. ಓದಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಈ ಪಟ್ಟಿ ನನಗೂ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಕನ್ನಡಿ ಮುಂದೆ ಒಪ್ಪಿಸ್ತಿದ್ರಲ್ಲ. ಆಗ್ಲೂ ಎಂಟು, ಈಗ್ಲೂ ಎಂಟೇ."

ನಾನು ಪತ್ರಿಕೆಯನ್ನು ಇಸಿದುಕೊಂಡು ಮತ್ತೆ ಮಡಚಿದೆ.

"ಒಂಬತ್ತು ತಗೊಂಡ ಹುಡುಗರು ಏನ್ಮಾಡ್ತಾರೆ?"

"ಮರುಪರೀಕ್ಷೆ ಬರೀತಾರೆ."

"ಮತ್ತೆ?" ಎಂದು ಒಳಗೆ ಹೋದಳು.

ಹಿಂದೊಮ್ಮೆ ಒಬ್ಬ ಹುಡುಗಿ ಎದ್ದು ನಿಂತು ಹೆಚ್ಚುಕಡಿಮೆ ಈ ಊದುವ ಪ್ರಶ್ನೆಯನ್ನೇ ಕೇಳಿದ್ದಳು. 'ಸಿಲಬಸ್‌ನಲ್ಲಿಲ್ಲ, ಕೂತ್ಕೋ' ಅಂದಿದ್ದೆ. ಅವಳು ಕೂತಳು. ಆಮೇಲೆ ವರ್ಷವಿಡೀ ಏನೂ ಕೇಳಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಒಂದು ಚೂರೂ ಇಲ್ಲ.

ಮರುದಿನ ಮೇಡಮ್ಮಿನ ಎದುರಿಗೇ ಮಡಿಕೆ ಬಿಡಿಸಿ ನನ್ನ ಹೆಸರು ತೋರಿಸಿದೆ. ಅವರ ಮುಖ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತು.

"ಸಾರ್, ನಂಗೆ ಗೊತ್ತಿರ್ಲಿಲ್ಲ..."

"ಅಂಕ ಸರಿಯಾಗಿದೆ ಮೇಡಂ. ಒಂದೆರಡು ಜಾಸ್ತಿನೇ ಆಯ್ತು. ಮರುಪರೀಕ್ಷೆ ಪಟ್ಟಿಗೆ ನನ್ನನ್ನೂ ಸೇರಿಸಿ."

"ಹುಡುಗರ ಮುಂದೆನಾ?"

"ಪಕ್ಕದಲ್ಲಿ."

ಆಮೇಲಿನ ಹನ್ನೊಂದು ದಿನ ನಾನು ಊದಿದ ಗಾಳಿಗೆ ಮೂರು ಹಡಗು ಸಮುದ್ರ ದಾಟುತ್ತಿದ್ದವು. ಒದ್ದೆ ಕೈಗೆ, ಒಣ ಕೈಗೆ, ಥರ್ಮಾಮೀಟರಿಗೆ ಊದಿದೆ. ತುಟಿಯ ಪಕ್ಕ ಕಾಗದದ ಚೂರು ಹಿಡಿದು ಊದಿದಾಗ ಅದು ಉಸಿರಿನ ಕಡೆಗೆ ವಾಲಿತು. ವೇಗದ ಉಸಿರು ಕೋಣೆಯ ತಣ್ಣನೆಯ ಗಾಳಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ! ಹೆಂಡತಿಯನ್ನು ಕೂಗಿ ಕರೆದು ಅವಳಿಂದಲೂ ಊದಿಸಿದೆ.

ಮರುಪರೀಕ್ಷೆಗೆ ಏಳು ಮಂದಿ ಹುಡುಗ ಹುಡುಗಿಯರು, ಎಂಟನೆಯವನು ನಾನು. ಪಕ್ಕದ ಹುಡುಗಿ ಪಿಸುಗುಟ್ಟಿದಳು.

"ಭಯ ಆಗ್ತಿದೆಯಾ ಸಾರ್?"

"ಚೂರು."

"ನಮಗೆ ಅಭ್ಯಾಸ ಆಗ್ಬಿಟ್ಟಿದೆ. ನೀರು ಕುಡೀರಿ."

ಊದುವ ಪ್ರಶ್ನೆ ಬಂದಿರಲೇ ಇಲ್ಲ. ಮೇಡಂ ಕಿಲಾಡಿ. ಹರವಿದ ಒದ್ದೆ ಬಟ್ಟೆ ಮಡಚಿದ್ದಕ್ಕಿಂತ ಬೇಗ ಏಕೆ ಒಣಗುತ್ತದೆ ಎಂದು ಕೇಳಿದ್ದರು. ಪ್ರಶ್ನೆಯನ್ನು ನಾಲ್ಕು ಸಲ ಓದಿ ಅರ್ಧ ಪುಟ ಬರೆದೆ. ಇಪ್ಪತ್ತೊಂದು ಬಂತು. ಅಂಥ ಇಪ್ಪತ್ತೊಂದನ್ನು ಜಗತ್ತು ಇನ್ನೂ ಕಂಡಿಲ್ಲ.

ಸೋಮವಾರ ನೋಟ್ಸನ್ನು ಮನೆಯಲ್ಲೇ ಬಿಟ್ಟು ತರಗತಿಗೆ ಹೋದೆ. "ಎಲ್ಲರೂ ಅಂಗೈ ಚಾಚಿ, ಊದಿ" ಎಂದೆ. ಅರವತ್ತು ಬಾಯಿ ಊದಿದವು, ಕಟ್ಟಡ ಒಂದಂಗುಲ ಸರಿಯಿತು. ಮರುಪರೀಕ್ಷೆಯ ಹುಡುಗಿ ಕೈ ಎತ್ತಿದಳು.

"ಸಾರ್, ಮೂಗಿಂದ ಬಿಟ್ರೆ ಬೆಚ್ಚಗೋ ತಣ್ಣಗೋ?"

ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಆಡದ ಮಾತನ್ನು ಆಡಿದೆ.

"ನಂಗೊತ್ತಿಲ್ಲ. ನಾಳೆ ಹತ್ತಕ್ಕೆ ಲ್ಯಾಬಿಗೆ ಬಾ. ಥರ್ಮಾಮೀಟರ್ ನಾನು ತರ್ತೀನಿ, ಮೂಗು ನೀನು ತಾ."