ಎರಡು ದಾಟದ ಅಂಕಿ

ಒಂದು ಪಾಯಿಂಟ್ ಒಂಬತ್ತು ನಾಲ್ಕು. ಮತ್ತೆ ಅದೇ. ಶ್ರೀವಾಣಿ ಪೆನ್ನನ್ನು ಮೇಜಿಗೆ ಕುಕ್ಕಿದಳು. ಹೆಣ್ಣು ನೋಡಿ ಹೋಗಿ ಉತ್ತರ ಕೊಡದ ಗಂಡಿನವರ ಹಾಗೆ, ಈ ಹಾಳು ಅಂಕಿ ಮೂರು ತಿಂಗಳಿಂದ ಎರಡರ ಹೊಸ್ತಿಲವರೆಗೆ ಬಂದು ವಾಪಸು ಹೋಗುತ್ತಿತ್ತು. ಎರಡು ದಾಟಿದರೆ ಪ್ರಯೋಗದ ಯಂತ್ರ ಇನ್ನೊಂದು ವರ್ಷ ಯಲ್ಲಾಪುರದ ಈ ಕಾಲೇಜಿನಲ್ಲೇ ಉಳಿಯುತ್ತದೆ. ಇಲ್ಲವಾದರೆ ಎರವಲು ಕೊಟ್ಟ ಹುಬ್ಬಳ್ಳಿಯವರ ವ್ಯಾನು ಇವತ್ತು ನಾಲ್ಕು ಗಂಟೆಗೆ ಬಂದು ಹೊತ್ತೊಯ್ಯುತ್ತದೆ. ಆಗಲೇ ಎರಡೂವರೆಯಾಗಿತ್ತು.

ಪ್ರಯೋಗ ಹೇಳಲು ಸುಲಭ. ಹರಳೊಂದು ಬೆಳಕಿನ ಕಣಗಳನ್ನು ಅವಳಿಜವಳಿಯಾಗಿ ಹೆರುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಅಕ್ಕನನ್ನು ಇಡಗುಂದಿಯಲ್ಲಿ, ತಂಗಿಯನ್ನು ತ್ಯಾಗಲಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದ ಹಾಗೆ. ಮೊದಲೇ ಮಾತಾಡಿಕೊಂಡು ಬಂದವರಾದರೆ ಉತ್ತರಗಳ ಹೊಂದಿಕೆಯ ಅಂಕಿ ಎರಡು ದಾಟುವುದಿಲ್ಲ. ಈ ಕಣಗಳದು ದಾಟಬೇಕು. ಬೇರೆ ಕಡೆಯೆಲ್ಲ ದಾಟಿದೆ, ಇಲ್ಲಿ ಮಾತ್ರ ಏನು ದಾಡಿ?

ಹೆದ್ದಾರಿಯಲ್ಲಿ ಮರದ ನಾಟಾ ಹೊತ್ತು ಓಡುವ ಲಾರಿಗಳು ಮೇಜು ನಡುಗಿಸುತ್ತವೆಂದು ಕಾಲುಗಳಡಿಗೆ ಸೈಕಲ್ ಟ್ಯೂಬು ಕೊಟ್ಟಾಗಿತ್ತು. ಕಿಟಕಿಗೆ ಕರಿ ತಾಡಪಾಲು, ಬಾಗಿಲ ಸಂದಿಗೆ ಗೋಣಿ, ಕಂಪ್ಯೂಟರಿನ ಮೇಲೆ ದಪ್ಪ ಕಂಬಳಿ. ಆದರೂ ಕೋಣೆ ಕತ್ತಲಾದಷ್ಟೂ ಜೋಡಿಯಿಲ್ಲದ ಪುಂಡ ಎಣಿಕೆಗಳು ಹೆಚ್ಚುತ್ತಿದ್ದವು. ಕಣ ಎಣಿಸುವ ಡಿಟೆಕ್ಟರು ಹಳತು ಎಂದು ಅದಕ್ಕೆ ಮನಸಾರೆ ಶಾಪ ಹಾಕಿದ್ದಳು.

ವಿಭಾಗದ ಮುಖ್ಯಸ್ಥ ರಘುಪತಿ ಭಟ್ಟರು ಬಾಗಿಲಲ್ಲಿ ತಲೆ ಹಾಕಿದರು. "ಎರಡೂಕಾಲು ಹೇಳಿ ಬರದುಬಿಡು ತಂಗಿ. ಫೋಟಾನು ಬಂದು ಸಾಕ್ಷಿ ಹೇಳ್ತಿಲ್ಲೆ."

"ಆನು ಸುಳ್ಳು ಬರೆತ್ನಿಲ್ಲೆ."

"ಹಂಗಾದ್ರೆ ಕಟ್ಟಿಡು. ವ್ಯಾನು ಕಲಘಟಗಿ ದಾಟಿದ್ದಡ."

ಅವರು ಹೋದ ಮೇಲೆ ಶ್ರೀವಾಣಿ ದೀಪ ಆರಿಸಿ, ಸ್ಟೂಲಿನ ಮೇಲೆ ಕೂತು ಅತ್ತಳು. ಸಿಟ್ಟಿಗೆ ಬಂದ ಅಳು ಅದು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ದೀಪ ಹಾಕಿ ತೆರೆದರೆ ಗೇಟಿನ ಕಾವಲುಗಾರ ತಿಮ್ಮ ಚಹಾದ ಲೋಟ ಹಿಡಿದು ನಿಂತಿದ್ದ.

"ಅಳ್ಬೇಡಿ ಮೇಡಂ. ನಿನ್ನೆನೂ ಅತ್ರಿ, ಈಗ್ಲೂ ಅತ್ರಿ. ಬಿಸಿ ಚಾ ಕುಡೀರಿ."

ಅವಳಿಗೆ ಮೈಯೆಲ್ಲ ಉರಿಯಿತು. "ನಾನು ಅತ್ತೆ ಅಂತ ಯಾರು ಹೇಳಿದ್ರು? ದೀಪ ಆರ್ಸಿದ್ರೆ ಇಲ್ಲಿ ನನ್ನ ಕೈ ನನಗೇ ಕಾಣೂದಿಲ್ಲ."

"ಗೇಟಿನ ಟೀವೀಲಿ ಕಾಣ್ತದಲ್ಲ. ಮಷೀನು ಕಳುವಾದೀತು ಅಂತ ಭಟ್ರು ಕ್ಯಾಮೆರಾ ಹಾಕ್ಸಿದ್ದು. ನೀವು ಲೈಟು ಆರ್ಸಿದ್ರೆ ಇನ್ನೂ ಚೊಲೋ ಕಾಣ್ತದೆ, ಬೆಳದಿಂಗಳ ಹಾಂಗೆ."

ಲೋಟ ತುಟಿಯ ಹತ್ತಿರವೇ ನಿಂತಿತು. ಶ್ರೀವಾಣಿ ಮೇಲೆ ಮೂಲೆಯಲ್ಲಿದ್ದ ಕ್ಯಾಮೆರಾದತ್ತ ನೋಡಿದಳು. ಕತ್ತಲಾದ ಕೂಡಲೇ ಕ್ಯಾಮೆರಾ ತನ್ನದೇ ಬೆಳಕು ಚೆಲ್ಲುತ್ತದೆ. ಮನುಷ್ಯರ ಕಣ್ಣಿಗೆ ಕಾಣದ ಬೆಳಕು. ಡಿಟೆಕ್ಟರಿಗೆ ಕಾಣುತ್ತದೆ, ಅದೂ ಎಣಿಸುತ್ತ ಕೂತಿದೆ. ಮೂರು ತಿಂಗಳಿಂದ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

"ತಿಮ್ಮಣ್ಣ, ಅದನ್ನ ಮುಚ್ಚಬೇಕು."

"ಮುಚ್ಚಿದ್ರೆ ನನ್ನ ಕೆಲ್ಸ ಹೋಗ್ತದೆ."

"ನೀವು ಇಲ್ಲೇ ಕೂತು ಕಾಯಿರಿ. ಯಾರಾದ್ರೂ ಕೇಳಿದ್ರೆ ನಾನೇ ಮುಚ್ಚಿಸಿದ್ದು ಅಂತ ಹೇಳ್ತೇನೆ."

ತಿಮ್ಮ ತಲೆ ಕೆರೆದುಕೊಂಡ. ಆಮೇಲೆ ಬೆಂಚು ಹತ್ತಿ, ಕ್ಯಾಮೆರಾಕ್ಕೆ ತಾಡಪಾಲಿನ ತುಂಡು ಸುತ್ತಿ, ಅದರ ಮೇಲೆ ತನ್ನ ಉಣ್ಣೆ ಟೊಪ್ಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದ. ಶ್ರೀವಾಣಿ ದೀಪ ಆರಿಸಿ ಮೊದಲಿನಿಂದ ಎಣಿಕೆ ಶುರು ಮಾಡಿದಳು. ಹದಿನಾರು ಸಲ ಕೋನ ಬದಲಿಸಿ ಎಣಿಸಬೇಕು. ತಿಮ್ಮ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ.

ಕೊನೆಯ ಎಣಿಕೆ ಮುಗಿಯುವಾಗ ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಅವಳು ಕಂಬಳಿಯೊಳಗೆ ತಲೆ ತೂರಿಸಿ ಪರದೆ ನೋಡಿದಳು. ಎರಡು ಪಾಯಿಂಟ್ ಮೂರು ಒಂದು. ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಅಷ್ಟೇ ಇತ್ತು.

ಕಂಬಳಿಯಿಂದ ತಲೆ ಹೊರತೆಗೆದಳು.

"ಎಂತ ಆಯ್ತು ಮೇಡಂ?" ತಿಮ್ಮನ ದನಿ ಮೂಲೆಯಿಂದ ಬಂತು. "ಈಗ ನಂಗೆ ಏನೂ ಕಾಣೂದಿಲ್ಲ."

ಕತ್ತಲಲ್ಲಿ ಅವಳು ಹೌದು ಹೌದೆಂದು ತಲೆಯಾಡಿಸುತ್ತಲೇ ಇದ್ದಳು.