ಕಿರುಚಿದ್ದು ವಯಸ್ಸಲ್ಲ

ನಾನೊಂದು ಬಿಳಿ ಕಾರು. ಬಿಳಿ ಅಂತ ನನ್ನ ಆರ್‌ಸಿ ಪುಸ್ತಕದಲ್ಲಿ ಬರೆದಿದೆ; ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ. ಹತ್ತೊಂಬತ್ತು ವರ್ಷದ ಹಿಂದೆ ಕಾರ್ಖಾನೆಯಿಂದ ಹೊರಬಂದಾಗ ಒಬ್ಬ ಬ್ಯಾಂಕ್ ಮ್ಯಾನೇಜರು ನನಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮನೆಗೆ ಕರೆದೊಯ್ದರು. ಏಳು ವರ್ಷ ದಿನಾ ಒರೆಸಿದರು, ಆಮೇಲೆ ಮಾರಿದರು. ನಾನೇನೂ ಅಳಲಿಲ್ಲ.

ಕೊಂಡವರು ತುಮಕೂರಿನ ಜಲಜಾಕ್ಷಿ ಮೇಡಂ. ಹೆಂಗಸರಿಗೆ ಕಾರು ಕಲಿಸುವ ಶಾಲೆ ಅವರದು. ಪಕ್ಕದ ಸೀಟಿನವರ ಕಾಲ ಕೆಳಗೂ ಒಂದು ಬ್ರೇಕ್ ಹಾಕಿಸಿ, ತಲೆಯ ಮೇಲೆ ‘ಎಲ್’ ಬೋರ್ಡು ಕೂರಿಸಿದರು. ಹನ್ನೆರಡು ವರ್ಷದಲ್ಲಿ ಟೀಚರಮ್ಮಂದಿರು, ಹೂವಿನ ಅಂಗಡಿಯವರು, ಅರವತ್ತು ದಾಟಿದ ಅಜ್ಜಿಯರು ನನ್ನ ಗೇರು ಹಿಡಿದು ಎಳೆದಾಡಿದ್ದಾರೆ, ಗೇಟಿಗೆ ಗುದ್ದಿಸಿದ್ದಾರೆ. ಎಲ್ಲ ಸಹಿಸಿದ್ದೇನೆ.

ಹೋದ ವರ್ಷ ಬ್ರೇಕ್ ಒತ್ತಿದಾಗಲೆಲ್ಲ ನನ್ನ ಹಿಂದಿನ ಚಕ್ರಗಳು ಕಿರ್ರೆಂದು ಕಿರುಚತೊಡಗಿದವು. ಕಲಿಯಲು ಬಂದವರು ಬೆಚ್ಚಿ ಸ್ಟಿಯರಿಂಗನ್ನೇ ಬಿಟ್ಟುಬಿಡುತ್ತಿದ್ದರು. ರಸ್ತೆಗಿಳಿಯಲು ಯೋಗ್ಯ ಅನ್ನುವ ಎಫ್‌ಸಿ ಪತ್ರ ಮಾಡಿಸಲು ಹೋದರೆ ಆರ್‌ಟಿಓ ಸಾಹೇಬರು ಹತ್ತು ಮಾರು ಓಡಿಸಿ ಇಳಿದರು.

“ಗಾಡಿಗೆ ವಯಸ್ಸಾಯ್ತು ಮೇಡಂ. ಹದಿನೈದು ದಿನದಲ್ಲಿ ಸರಿ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಗುಜರಿಗೆ ಹಾಕಿ.”

ಎಫ್‌ಸಿ ಇಲ್ಲದಿದ್ದರೆ ನಾನಿಲ್ಲ. ನಾನಿಲ್ಲದಿದ್ದರೆ ಶಾಲೆಯೂ ಇಲ್ಲ. ಇನ್ನೊಂದು ಕಾರು ಕೊಳ್ಳುವ ಶಕ್ತಿ ಮೇಡಂಗೆ ಇರಲಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ವಯಸ್ಸಂತೆ, ವಯಸ್ಸು.

ಮೇಡಂ ನನ್ನನ್ನು ಮೆಕ್ಯಾನಿಕ್ ಇಲಿಯಾಸ್ ಹತ್ತಿರ ತಂದರು. ಅವನು ಮೊದಲು ಏನನ್ನೂ ಬಿಚ್ಚಲಿಲ್ಲ. ಆದಷ್ಟೂ ಬ್ರೇಕ್ ಮುಟ್ಟದೆ ನಾಲ್ಕು ಕಿಲೋಮೀಟರ್ ಓಡಿಸಿ ತಂದು, ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿದ. ಮುಂದಿನವು ತಣ್ಣಗಿದ್ದವು. ಹಿಂದಿನವೆರಡೂ ರೊಟ್ಟಿ ಹಂಚಿನಂತೆ ಕಾದಿದ್ದವು. ಚಕ್ರದ ಡ್ರಮ್ ಬಿಚ್ಚಿದರೆ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಬ್ರೇಕ್ ಶೂಗಳು ಉಜ್ಜಿ ಉಜ್ಜಿ ಗಾಜಿನಂತೆ ಹೊಳೆಯುತ್ತಿದ್ದವು; ಕಿರುಚುತ್ತಿದ್ದುದು ಅವೇ.

“ಅಕ್ಕ, ಹ್ಯಾಂಡ್‌ಬ್ರೇಕ್ ಕೇಬಲ್ ಯಾರು ಇಷ್ಟು ಬಿಗಿ ಮಾಡಿದ್ದು? ಲಿವರ್ ಇಳಿಸಿದ್ರೂ ಬ್ರೇಕು ಬಿಡ್ತಾನೇ ಇಲ್ಲ.”

ಮೇಡಂ ಬಗ್ಗಿ ಕೇಬಲ್ ನೋಡಿದರು. “ನಾನೇ ಕಣೋ. ಏರಲ್ಲಿ ನಿಲ್ಲಿಸಿದಾಗ ಹಿಂದಕ್ಕೆ ಜಾರಿದ್ರೆ ಕಲಿಯೋರೆಲ್ಲ ಅತ್ತೇ ಬಿಡ್ತಾರೆ. ಜಾರ್ದೆ ಇರ್ಲಿ ಅಂತ ತಿಂಗಳಿಗೊಂದು ಸುತ್ತು ಬಿಗಿ ಮಾಡ್ತಿದ್ದೆ.”

ಕೇಳಿದಿರಾ? ಹಿಂದಿನಿಂದ ಹಿಡಿದುಕೊಂಡು ಮುಂದಕ್ಕೆ ನಡೆ ಅಂದರೆ ಯಾರು ತಾನೇ ಕಿರುಚುವುದಿಲ್ಲ? ಆದರೂ ಮೇಡಂ ತಪ್ಪು ಒಪ್ಪಿಕೊಂಡರು, ನನ್ನ ಸಿಟ್ಟು ಅರ್ಧ ಇಳಿಯಿತು.

ಇಲಿಯಾಸ್ ಕೇಬಲ್ ಸಡಿಲಿಸಿ, ಡ್ರಮ್ ಒರೆಸಿ, ಹೊಸ ಶೂ ಹಾಕಿದ. ಮತ್ತೆ ಸಾಹೇಬರ ಮುಂದೆ ನಿಂತೆವು. ಅವರು ಓಡಿಸಿ ಬ್ರೇಕ್ ಒತ್ತಿದರು. ನಂಬಿಕೆ ಬರದೆ ಮತ್ತೊಮ್ಮೆ ಒತ್ತಿದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

“ಸರಿ ಹೋಗಿದೆ. ಆದ್ರೂ ಹೊಸದೊಂದು ತಗೋಬಾರ್ದಾ ಮೇಡಂ?”

“ಹೊಸದ್ರಲ್ಲಿ ಕೂತ್ರೆ ಎಲ್ಲಿ ಗೀರು ಬೀಳುತ್ತೋ ಅಂತ ಕಲಿಯೋರು ಗೇರೇ ಮುಟ್ಟಲ್ಲ ಸಾರ್. ಇದ್ರ ಮೇಲೆ ಇನ್ನೊಂದು ಗೀರಿಗೆ ಜಾಗನೇ ಇಲ್ಲ.”

ಇನ್ನೊಂದು ವರ್ಷಕ್ಕೆ ಸಹಿ ಬಿತ್ತು. ಮನೆಗೆ ಬರುವ ದಾರಿಯಲ್ಲಿ ಒಂದು ಗುಜರಿ ಅಂಗಡಿಯಿದೆ. ಅದರ ಬಾಗಿಲಿಗೆ ಸರಿಯಾಗಿ ಮೇಡಂ ನನ್ನನ್ನು ಗಕ್ಕನೆ ನಿಲ್ಲಿಸಿದರು. ಅಂಗಡಿಯವನು ತಕ್ಕಡಿ ಬಿಟ್ಟು ಎದ್ದು ಬಂದ.

“ಕೊಡೋಕೆ ಬಂದ್ರಾ ಅಮ್ಮ?”

“ಇಲ್ಲಪ್ಪ. ಬ್ರೇಕ್ ಹಿಡಿಯುತ್ತಾ ಅಂತ ನೋಡ್ದೆ,” ಎಂದು ಮೇಡಂ ಗೇರ್ ಹಾಕಿದರು.